ಸ್ಕೂಪ್ ಉಂಟು, ದಾರಿ ಇಲ್ಲ: ಶಾರ್ಜಾದ ಒಂದು ಸುಬಾರು ಮತ್ತು ಅದರ ಇಂಟರ್‌ಕೂಲರ್

ಜುಲೈ ತಿಂಗಳ ಮಧ್ಯಾಹ್ನ. ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸಬಾರದು ಎಂದು ಇಲ್ಲಿಯ ಸರ್ಕಾರ ಕಾನೂನು ಮಾಡಿರುವ ಹೊತ್ತು, ಹನ್ನೆರಡೂವರೆಯಿಂದ ಮೂರರವರೆಗೆ. ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗ್ಯಾರೇಜಿನ ಶೆಡ್ಡಿಗೆ ನೆರಳಿದೆ ಅಷ್ಟೇ, ತಂಪಿಲ್ಲ. ಆ ಹೊತ್ತಿನಲ್ಲಿ ನೀಲಿ ಬಣ್ಣದ ಜಪಾನಿ ಕಾರು, ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಒಂದು ಬಂದು ನಿಂತಿತು. 2011ರ ಮಾಡೆಲ್, 2.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಕಂಪನಿ ಲೆಕ್ಕದಲ್ಲಿ 300 ಅಶ್ವಶಕ್ತಿ. ಇಳಿದವರು ನಮ್ಮ ಕಡೆಯವರೇ, ಉಡುಪಿಯ ಆಚೆಯ ಶೆಟ್ರು. ಗಾಡಿಯನ್ನು ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರು.

"ಸಿಗ್ನಲ್‌ನಲ್ಲಿ ಎರಡು ಸಲ ಕೆಂಪು ಬಿದ್ರೆ ಸಾಕು ಮಾರಾಯ್ರೆ, ಆಮೇಲೆ ಎಷ್ಟು ತುಳಿದ್ರೂ ಗಾಡಿ ಸತ್ತ ಹಾಗೆ. ಚಳಿಗಾಲದಲ್ಲಿ ಹೀಗೆ ಇರ್ಲಿಲ್ಲ" ಎಂದರು.

ಇದಕ್ಕೆ ಮೊದಲು ಬೇರೆ ಎರಡು ಕಡೆ ತೋರಿಸಿದ್ದರು. ಒಂದು ಕಡೆ ಪ್ಲಗ್ಗುಗಳನ್ನು ಬದಲಾಯಿಸಿದ್ದರು, ಇನ್ನೊಂದು ಕಡೆ ಪೆಟ್ರೋಲ್ ಪಂಪು. ಎರಡರಿಂದಲೂ ಏನೂ ಆಗಿರಲಿಲ್ಲ. ಮೂರನೆಯವರೊಬ್ಬರು ಫೋನಿನಲ್ಲೇ "ಮುಂದೆ ದೊಡ್ಡ ಇಂಟರ್‌ಕೂಲರ್ ಹಾಕಿಸಿ, ಎಲ್ಲಾ ಸರಿಯಾಗ್ತದೆ" ಎಂದಿದ್ದರಂತೆ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು, ಒತ್ತಿದಾಗ ಕಾದ ಆ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವುದು ಇಂಟರ್‌ಕೂಲರ್. ಶೆಟ್ರು ಆ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ನನ್ನಿಂದ ಬೇಕಾಗಿದ್ದದ್ದು ಮುಂಭಾಗದ ಬಂಪರ್ ಕತ್ತರಿಸಿ ಅದನ್ನು ಕೂರಿಸಿಕೊಡುವ ಕೆಲಸ.

ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಒಂದೂ ಇಲ್ಲ. ಕೂಲಂಟ್ ಉಷ್ಣತೆ ಸರಿ ಇದೆ. ಒಳಬರುವ ಗಾಳಿಯ ಉಷ್ಣತೆ 47 ಡಿಗ್ರಿ ಎನ್ನುತ್ತಿದೆ, ಹೊರಗೆ 43 ಇರುವಾಗ ಅದರಲ್ಲಿ ಆಶ್ಚರ್ಯವೇನಿಲ್ಲ. ಹಿಂದಿನವರು ಮೋಸ ಹೋದದ್ದು ಇಲ್ಲಿಯೇ ಇರಬೇಕು. ಈ ಎಂಜಿನ್ನಿನಲ್ಲಿ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಇರುವುದು ಏರ್ ಫಿಲ್ಟರಿನ ಪಕ್ಕದಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಮೀಟರಿನೊಳಗೆ, ಅಂದರೆ ಟರ್ಬೊಗಿಂತ ಮೊದಲೇ. ಟರ್ಬೊದಲ್ಲಿ ಗಾಳಿ ಎಷ್ಟು ಕಾಯಿತು, ಇಂಟರ್‌ಕೂಲರ್ ಅದನ್ನು ಎಷ್ಟು ತಣಿಸಿತು ಎಂಬುದು ಈ ಸೆನ್ಸರಿಗೆ ಕಾಣುವುದೇ ಇಲ್ಲ. ಊರ ಬಾಗಿಲಲ್ಲಿ ನಿಂತು ಊರೊಳಗಿನ ಜಾತ್ರೆ ಎಣಿಸಿದ ಹಾಗೆ.

ಕಂಪ್ಯೂಟರಿಗೆ ಒಳಗಿನ ಸಮಾಚಾರ ತಿಳಿಯುವುದು ಇನ್ನೊಂದು ದಾರಿಯಿಂದ. ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿಯೇ ಸಿಡಿಯತೊಡಗಿದರೆ (ನಾಕಿಂಗ್ ಎನ್ನುವುದು ಇದನ್ನೇ) ನಾಕ್ ಸೆನ್ಸರ್ ಆ ಸದ್ದು ಹಿಡಿಯುತ್ತದೆ, ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಪ್ಲಗ್ಗಿನ ಕಿಡಿಯನ್ನು ತುಸು ತಡ ಮಾಡುತ್ತದೆ. ಸ್ಕ್ಯಾನರಿನಲ್ಲಿ ಆ ಸಾಲನ್ನು ತೆರೆದು ನೋಡಿದೆ. ನಿಂತು ಹೊರಟ ಪ್ರತಿ ಸಲವೂ ಟೈಮಿಂಗ್ ಹಿಂದೆ ಸರಿದಿತ್ತು. ಗಾಡಿ "ಸಾಯುತ್ತಿದ್ದದ್ದು" ಹಾಳಾಗಿ ಅಲ್ಲ, ಪಿಸ್ಟನ್ ಉಳಿಸಿಕೊಳ್ಳಲು ತಾನೇ ಶಕ್ತಿ ಬಿಟ್ಟುಕೊಡುತ್ತಿತ್ತು. ಶೆಟ್ರು ಹಾಕಿಸುತ್ತಿದ್ದ ಪೆಟ್ರೋಲ್ ಸ್ಪೆಷಲ್ 95. ಅದನ್ನು ಬಿಟ್ಟು ನಾಕಿಂಗ್ ಇನ್ನೂ ಚೆನ್ನಾಗಿ ತಡೆಯುವ ಸೂಪರ್ 98 ಹಾಕಿ ಎಂದು ಅಲ್ಲೇ ಹೇಳಿದೆ. ಆದರೆ ಅದು ನೋವಿನ ಮಾತ್ರೆಯೇ ಹೊರತು ಔಷಧವಲ್ಲ.

ಬಾನೆಟ್ ಎತ್ತಿದಾಗ

ಸುಬಾರು ಟರ್ಬೊ ಗಾಡಿಗಳನ್ನು ನೋಡದವರಿಗಾಗಿ: ಇದರ ಎಂಜಿನ್ ಬಾಕ್ಸರ್ ಮಾದರಿಯದು. ಸಿಲಿಂಡರುಗಳು ನೆಟ್ಟಗೆ ನಿಲ್ಲುವುದಿಲ್ಲ, ಎಡಕ್ಕೆರಡು ಬಲಕ್ಕೆರಡು ಮಲಗಿರುತ್ತವೆ. ಟರ್ಬೊ ಇರುವುದು ಬಲಗಡೆ, ಹಿಂದೆ, ಡ್ಯಾಶ್‌ಬೋರ್ಡಿನ ಗೋಡೆಗೆ ಹತ್ತಿರ. ಎಂಜಿನ್ನಿನ ನೆತ್ತಿಯ ಮೇಲೆ, ಸ್ವಲ್ಪ ಹಿಂದಕ್ಕೆ, ಇಂಟರ್‌ಕೂಲರ್ ಅಂಗಾತ ಮಲಗಿರುತ್ತದೆ. ಬಾನೆಟ್ ಮೇಲಿನ ಮೂಗು, ಅಂದರೆ ಸ್ಕೂಪ್, ಹಿಡಿದ ಗಾಳಿ ಬಾನೆಟ್ಟಿನ ಒಳಮೈಗೆ ಬಿಗಿದ ಪ್ಲಾಸ್ಟಿಕ್ ಡಕ್ಟಿನ ಮೂಲಕ ಇಂಟರ್‌ಕೂಲರಿನ ಮೇಲೆ ಬಂದು, ತೆಳು ತಗಡಿನ ಫಿನ್ನುಗಳ ನಡುವೆ ಕೆಳಗಿಳಿದು, ಗೇರ್‌ಬಾಕ್ಸಿನ ಮೇಲಿಂದ ಗಾಡಿಯ ಅಡಿಗೆ ಹೋಗಬೇಕು. ಡಕ್ಟಿನ ಅಂಚಿಗೆ ಮೆತ್ತನೆಯ ಫೋಮ್ ಪಟ್ಟಿ ಇರುತ್ತದೆ. ಬಾನೆಟ್ ಮುಚ್ಚಿದಾಗ ಅದು ಇಂಟರ್‌ಕೂಲರಿನ ಸುತ್ತ ಒತ್ತಿಕೊಳ್ಳುತ್ತದೆ, ಗಾಳಿ ಆಚೀಚೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಈ ಗಾಡಿಯಲ್ಲಿ ಡಕ್ಟ್ ಇರಲಿಲ್ಲ.

ಹಿಂದಿನ ಮಾಲೀಕರ ಕಾಲದಲ್ಲಿ ಯಾವುದೋ ಗ್ಯಾರೇಜಿನವರು ಕಂಪನಿಯ ಇಂಟರ್‌ಕೂಲರ್ ತೆಗೆದು ದಪ್ಪನೆಯ ಹೊರಗಿನ ಮಾಲು ಕೂರಿಸಿದ್ದರು. ಹೊಳೆಯುವ ಅಲ್ಯೂಮಿನಿಯಂ, ಮೇಲೆ ಕೆಂಪು ಅಕ್ಷರ. ಎತ್ತರ ಹೆಚ್ಚಾದ್ದರಿಂದ ಕಂಪನಿಯ ಡಕ್ಟ್ ಅದರ ಮೇಲೆ ಕೂರುವುದಿಲ್ಲ, ಹಾಗಾಗಿ ಡಕ್ಟನ್ನೇ ಬಿಚ್ಚಿ ಬಿಸಾಡಿದ್ದರು. ಅದರ ಬದಲಿಗೆ ಬಾನೆಟ್ಟಿನ ಒಳಗೆ ಸ್ಪಂಜು ಅಂಟಿಸಿದ್ದ ಗುರುತಿತ್ತು. ಪಾತ್ರೆ ತೊಳೆಯುವ ಸ್ಪಂಜಿನಂಥದ್ದೇ. ಬಿಸಿಗೆ ಪುಡಿಪುಡಿಯಾಗಿ ಅರ್ಧ ಉದುರಿ ಹೋಗಿತ್ತು, ಉದುರಿದ ಪುಡಿ ಫಿನ್ನುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇಂಟರ್‌ಕೂಲರಿನ ಬಲ ಮೂಲೆ ಕೆಳಗಿನಿಂದ ಮಂಕಾಗಿತ್ತು. ಬಗ್ಗಿ ನೋಡಿದರೆ ಟರ್ಬೊ ಮೇಲಿನ ತಗಡಿನ ಹೀಟ್ ಶೀಲ್ಡೂ ಇಲ್ಲ. ಎಕ್ಸಾಸ್ಟ್ ಪೈಪ್ ಬದಲಾಯಿಸುವಾಗ ಬೋಲ್ಟು ತುಂಡಾಗಿರಬೇಕು, ಮತ್ತೆ ಹಾಕುವ ಗೋಜಿಗೆ ಹೋಗಿಲ್ಲ. ಲಿಫ್ಟಿನ ಮೇಲೆ ಎತ್ತಿದಾಗ ಎಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆಯೂ ಕಾಣಲಿಲ್ಲ. ಆಯಿಲ್ ಬದಲಾಯಿಸುವಾಗ ಪ್ರತಿ ಸಲ ಬಿಚ್ಚುವುದು ಬೇಡವೆಂದು ಯಾರೋ ಒಮ್ಮೆಗೇ ಬಿಚ್ಚಿಟ್ಟಿದ್ದಾರೆ.

ಮೂರು ವಸ್ತು ಕಾಣೆ: ಡಕ್ಟ್, ಶೀಲ್ಡ್, ತಟ್ಟೆ. ಒಂದೊಂದೂ ಬೇರೆ ಬೇರೆ ದಿನ, ಬೇರೆ ಬೇರೆ ಕೈಯಲ್ಲಿ ಹೋದದ್ದು. ಮೂರರ ಪರಿಣಾಮ ಒಂದೇ ಕಡೆ ಬಂದು ಕೂತಿತ್ತು.

ಶೆಟ್ರಿಗೆ ಬಾಯಿಮಾತು ಸಾಲುವುದಿಲ್ಲ ಎನ್ನಿಸಿತು. ನಮ್ಮ ಆಫೀಸಿನ ಗಣಪತಿ ಫೋಟೋದ ಮುಂದಿನಿಂದ ಒಂದು ಊದುಬತ್ತಿ ತಂದೆ. ಎಂಜಿನ್ ಚಾಲೂ ಇತ್ತು, ಎಸಿಯೂ ಓಡುತ್ತಿತ್ತು, ಬಾನೆಟ್ ಮುಚ್ಚಿತ್ತು. ಹೊಗೆಯನ್ನು ಸ್ಕೂಪಿನ ಬಾಯಿಯ ಮುಂದೆ ಹಿಡಿದೆ. ಒಳಗೆ ಎಳೆಯಬೇಕಾದ ಬಾಯಿ ಹೊಗೆಯನ್ನು ಮುಖಕ್ಕೇ ಊದಿತು. "ಇದು ಮೂಗಲ್ಲ ಶೆಟ್ರೆ, ಈಗ ಚಿಮಣಿ" ಎಂದೆ. ಕೈ ಇಟ್ಟು ನೋಡಿ ಎಂದರೆ ಎರಡು ಸೆಕೆಂಡಿನಲ್ಲಿ ತೆಗೆದರು.

ಇದು ಈ ಗಾಡಿಯ ದೋಷ ಮಾತ್ರವಲ್ಲ, ಮೇಲೆ ಕೂರುವ ಇಂಟರ್‌ಕೂಲರಿನ ಹುಟ್ಟುಗುಣ. ಗಾಡಿ ನಿಂತಾಗ ಮುಂದಿನ ಫ್ಯಾನು ಎಸಿಯ ಕಂಡೆನ್ಸರ್ ಮತ್ತು ರೇಡಿಯೇಟರಿನ ಬಿಸಿಯನ್ನು ಹಿಂದಕ್ಕೆ ಎಂಜಿನ್ ಮೇಲೆ ತಳ್ಳುತ್ತದೆ. ಆ ಬಿಸಿ, ಟರ್ಬೊದ ಬಿಸಿ, ಎಕ್ಸಾಸ್ಟಿನ ಬಿಸಿ ಎಲ್ಲವೂ ಮೇಲೇಳುತ್ತವೆ. ಮೇಲೆ ಹೋಗಲು ಇರುವ ಒಳ್ಳೆಯ ತೂತು ಅದೊಂದೇ. ತಣ್ಣಗಿರಬೇಕಾದ ಲೋಹದ ನಡುವೆಯೇ ಬಿಸಿಯ ಮೆರವಣಿಗೆ ಹಾದುಹೋಗುತ್ತದೆ. ಡಕ್ಟ್ ಇದ್ದರೂ ಇದು ಪೂರ್ತಿ ನಿಲ್ಲುವುದಿಲ್ಲ. ಆದರೆ ಗಾಡಿ ಹೊರಟ ಮೇಲೆ ಎಷ್ಟು ಬೇಗ ತಣಿಯುತ್ತದೆ ಎಂಬುದು ಡಕ್ಟಿನ ಮೇಲೆಯೇ ನಿಂತಿದೆ.

ಲೆಕ್ಕ

ಸ್ವಲ್ಪ ಲೆಕ್ಕ ಹಾಕೋಣ, ಬೇಸರ ಬೇಡ. ಹೊರಗೆ 45 ಡಿಗ್ರಿ ಎಂದುಕೊಳ್ಳಿ. ಟರ್ಬೊ ಒಂದು ಬಾರ್ ಬೂಸ್ಟ್ ಕೊಡುತ್ತದೆ, ಅಂದರೆ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ ಇಲ್ಲಿಯೂ ಗಾಳಿ ಕಾಯುತ್ತದೆ. ಟರ್ಬೊದೊಳಗಿನ ಕಂಪ್ರೆಸರಿನ ದಕ್ಷತೆ ಶೇಕಡ 72 ಎಂದು ಹಿಡಿದರೆ ಹೊರಬರುವ ಗಾಳಿ ಸುಮಾರು 142 ಡಿಗ್ರಿ. ಶೇಕಡ 70ರಷ್ಟು ಕೆಲಸ ಮಾಡುವ ಇಂಟರ್‌ಕೂಲರಿಗೆ ಹೊರಗಿನ 45 ಡಿಗ್ರಿಯ ಗಾಳಿಯೇ ಸಿಕ್ಕಿದರೆ ಅದು 74ಕ್ಕೆ ಇಳಿಸುತ್ತದೆ. ಅದೇ ಇಂಟರ್‌ಕೂಲರಿಗೆ ಬಾನೆಟ್ಟಿನೊಳಗಿನ 80 ಡಿಗ್ರಿಯ ಗಾಳಿ ಸಿಕ್ಕಿದರೆ? ಹೆಚ್ಚುಕಡಿಮೆ 99. ಅದೇ ಲೋಹ, ಅದೇ ಟರ್ಬೊ. ವ್ಯತ್ಯಾಸ 25 ಡಿಗ್ರಿ.

ಈ 25 ಡಿಗ್ರಿಗೆ ಗಾಳಿಯ ಸಾಂದ್ರತೆ ಶೇಕಡ 7ರಷ್ಟು ಕಡಿಮೆಯಾಗುತ್ತದೆ. ಅಷ್ಟೇ ಆಗಿದ್ದರೆ ಡ್ರೈವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಿಜವಾದ ಏಟು ನಾಕಿಂಗಿನದು: ಬಿಸಿ ಗಾಳಿ, ಹಿಂದೆ ಸರಿದ ಟೈಮಿಂಗ್, ಅಲ್ಲಿಂದ ಶಕ್ತಿಯ ಕುಸಿತ.

ಇನ್ನೊಂದು ಲೆಕ್ಕವೂ ಬೇಕು, ಯಾಕೆಂದರೆ ಬಹಳ ಮಂದಿ ಮರೆಯುವುದು ಇದನ್ನೇ. 300 ಅಶ್ವಶಕ್ತಿಗೆ ಈ ಎಂಜಿನ್ ಸೆಕೆಂಡಿಗೆ ಕಾಲು ಕಿಲೊಗಿಂತ ತುಸು ಕಡಿಮೆ ಗಾಳಿ ಕುಡಿಯುತ್ತದೆ. ಆ ಗಾಳಿಯಿಂದ 60 ಡಿಗ್ರಿ ಇಳಿಸುವುದೆಂದರೆ ಸುಮಾರು 14 ಕಿಲೊವಾಟ್ ಬಿಸಿ ಹೊರಹಾಕಬೇಕು. ನೀರು ಕಾಯಿಸುವ ಕೆಟಲ್ ಎರಡು ಕಿಲೊವಾಟಿನದಾದರೆ, ಅಂಥ ಏಳು ಕೆಟಲ್. ಆದರೆ ರಸ್ತೆಯಲ್ಲಿ ಪೂರ್ತಿ ತುಳಿಯುವುದು ಐದಾರು ಸೆಕೆಂಡು ಮಾತ್ರ. ಆ ಹೊತ್ತಿಗೆ ನಾಲ್ಕು ಕಿಲೊ ಅಲ್ಯೂಮಿನಿಯಂ ಬಿಸಿಯನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ, 20 ಡಿಗ್ರಿ ಚಿಲ್ಲರೆ ಏರುತ್ತದೆ, ಆಮೇಲೆ ನಿಧಾನಕ್ಕೆ ಗಾಳಿಗೆ ಬಿಟ್ಟುಕೊಡುತ್ತದೆ. ಅಂದರೆ ಪೆಡಲ್ ತುಳಿಯುವ ಮೊದಲು ಲೋಹ ಎಷ್ಟು ತಣ್ಣಗಿತ್ತು ಎಂಬುದೇ ಮುಖ್ಯ. ಶೆಟ್ರ ಗಾಡಿಯಲ್ಲಿ ಅದು ಸಿಗ್ನಲಿನಲ್ಲೇ ಹೊಟ್ಟೆ ತುಂಬಿಸಿಕೊಂಡಿತ್ತು, ನುಂಗಲು ಜಾಗ ಉಳಿದಿರಲಿಲ್ಲ.

ದೊಡ್ಡ ಇಂಟರ್‌ಕೂಲರ್ ಹಾಕಿದ್ದಾರಲ್ಲ, ಲೋಹ ಜಾಸ್ತಿ ಇದೆಯಲ್ಲ ಎಂದು ಕೇಳಬಹುದು. ಕಾಯಲು ಜಾಸ್ತಿ ಹೊತ್ತು ಹಿಡಿಯುತ್ತದೆ, ನಿಜ. ತಣಿಯಲೂ ಅಷ್ಟೇ ಹೊತ್ತು ಹಿಡಿಯುತ್ತದೆ. ಮೇಲಾಗಿ ಸ್ಕೂಪ್ ಕೊಡುವ ಒತ್ತಡ ಬಹಳ ಸಣ್ಣದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಳಿಯ ಪೂರ್ತಿ ತಳ್ಳುಬಲ ಸಿಕ್ಕಿದರೂ 430 ಪಾಸ್ಕಲ್, 40ರಲ್ಲಿ 70 ಪಾಸ್ಕಲ್ಲಿಗೂ ಕಡಿಮೆ. ಇಷ್ಟು ಬಡ ಒತ್ತಡಕ್ಕೆ ದಪ್ಪ ಕೋರ್, ಅಂದರೆ ಇಂಟರ್‌ಕೂಲರಿನ ಫಿನ್ನು ತುಂಬಿದ ಒಡಲು, ದಾಟುವುದು ಕಷ್ಟ. ಪಕ್ಕದಲ್ಲಿ ತೆರೆದ ಸಂದಿ ಇದ್ದರೆ ಗಾಳಿ ಅಲ್ಲಿಂದಲೇ ಜಾರುತ್ತದೆ. ಜಡೆ ಬಾಚುವಾಗ ಸಿಕ್ಕು ಇರುವಲ್ಲಿ ಬಾಚಣಿಗೆ ಪಕ್ಕಕ್ಕೆ ಸರಿಯುವ ಹಾಗೆ. ಅಡಿಯ ತಟ್ಟೆ ಇಲ್ಲದ್ದು ಇದರ ಮೇಲೆ ಇನ್ನೊಂದು ಏಟು. ಬಂಪರ್ ಕೆಳಗಿನಿಂದ ನುಗ್ಗಿದ ಗಾಳಿ ಎಂಜಿನ್ ಕೋಣೆಯಲ್ಲಿ ತುಂಬಿಕೊಂಡು ಇಂಟರ್‌ಕೂಲರಿನ ಅಡಿಯಲ್ಲಿ ಒತ್ತಡ ಏರಿಸುತ್ತದೆ. ಮೇಲೆ ಕಡಿಮೆ, ಕೆಳಗೆ ಹೆಚ್ಚು ಎಂದಾದರೆ ಗಾಳಿ ಇಳಿಯುವುದೇಕೆ?

ಮೇಲೆ ಇಟ್ಟದ್ದೇಕೆ

ಶೆಟ್ರ ವಾದ ಸರಳವಾಗಿತ್ತು: "ಮೇಲೆ ಇಟ್ಟದ್ದೇ ತಪ್ಪು. ಲ್ಯಾನ್ಸರ್ ಇವೋ ನೋಡಿ, ಮುಂದೆ ಉಂಟು." ಈ ವಾದ ಗಲ್ಫಿನ ಪಾರ್ಕಿಂಗ್ ಲಾಟುಗಳಲ್ಲಿ ಮಾತ್ರವಲ್ಲ, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ ಹುಡುಗರ ಬಾಯಲ್ಲೂ ಕೇಳಿದ್ದೇನೆ. ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಮತ್ತು ಮಿಟ್ಸುಬಿಷಿಯ ಮೊದಲ ಲ್ಯಾನ್ಸರ್ ಇವೋ ಎರಡೂ ಬಂದದ್ದು 1992ರಲ್ಲಿ. ಎರಡಕ್ಕೂ ಎರಡು ಲೀಟರ್ ಟರ್ಬೊ, ಎರಡಕ್ಕೂ ನಾಲ್ಕೂ ಚಕ್ರದ ಡ್ರೈವ್, ಎರಡೂ ರ‍್ಯಾಲಿಗೆಂದೇ ಹುಟ್ಟಿದವು. ಒಂದರಲ್ಲಿ ಇಂಟರ್‌ಕೂಲರ್ ನೆತ್ತಿಯ ಮೇಲೆ, ಇನ್ನೊಂದರಲ್ಲಿ ಬಂಪರ್ ಹಿಂದೆ. ಯಾರೂ ದಡ್ಡರಲ್ಲ.

ಮಿಟ್ಸುಬಿಷಿಯ ಎಂಜಿನ್ ನೆಟ್ಟಗೆ ನಿಂತು ಅಡ್ಡಕ್ಕೆ ಕೂತಿದೆ. ಅದರ ಮೇಲೆ ಜಾಗವಿಲ್ಲ, ಮುಂದೆ ಇದೆ. ಸುಬಾರುವಿನ ಎಂಜಿನ್ ಮಲಗಿದೆ, ಪೂರ್ತಿ ಮುಂದಿನ ಆಕ್ಸಲಿನ ಮುಂದೆ. ಅದರ ಮುಂದೆ ರೇಡಿಯೇಟರಿಗೇ ಇಕ್ಕಟ್ಟು, ಮೇಲೆ ಮಾತ್ರ ಬಯಲು. ಟರ್ಬೊ ಹಿಂದೆ ಇದೆ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ನಡುವೆ ಇದೆ, ಮಧ್ಯದಲ್ಲಿ ಒಂದು ಗೇಣಿನ ಪೈಪಿನಲ್ಲಿ ಎರಡನ್ನೂ ಸೇರಿಸಬಹುದು. ಪೈಪು ಗಿಡ್ಡವಾದಷ್ಟೂ ಪೆಡಲ್ ತುಳಿದಾಗ ತುಂಬಬೇಕಾದ ಜಾಗ ಕಡಿಮೆ, ಉತ್ತರ ಬೇಗ.

ಇದಕ್ಕೂ ಮೊದಲು ಸುಬಾರು ಬೇರೆ ದಾರಿ ತುಳಿದಿತ್ತು. 1989ರ ಲೆಗಸಿ ಆರ್‌ಎಸ್‌ನಲ್ಲಿ ಇಂಟರ್‌ಕೂಲರಿಗೆ ತಂಪು ಕೊಡುತ್ತಿದ್ದದ್ದು ನೀರು. ಎಂಜಿನ್ ಮೇಲೆ ಸಣ್ಣ ಡಬ್ಬಿ, ಮುಂದೆ ಬೇರೆಯೇ ಪುಟ್ಟ ರೇಡಿಯೇಟರ್, ನಡುವೆ ಎಲೆಕ್ಟ್ರಿಕ್ ಪಂಪು. ಅದರಿಂದ 220 ಅಶ್ವಶಕ್ತಿ. ಮೂರು ವರ್ಷದ ನಂತರ ಇಂಪ್ರೆಜಾಗೆ ಅದೇ ವಂಶದ ಎಂಜಿನ್ ತಂದಾಗ ನೀರಿನ ಏರ್ಪಾಡು ಬಿಟ್ಟು ಗಾಳಿಯ ಇಂಟರ್‌ಕೂಲರ್ ಮೇಲಿಟ್ಟರು, ಸ್ಕೂಪಿಗೆ ದೊಡ್ಡ ಬಾಯಿ ಕೊಟ್ಟರು, 240 ತೆಗೆದರು. ಏರಿದ 20 ಪೂರ್ತಿ ಇಂಟರ್‌ಕೂಲರಿನದಲ್ಲ. ಆದರೆ ತೂಕ, ಪಂಪು, ಸೋರುವ ಹೋಸು ಎಲ್ಲ ಹೋಯಿತು. ತಮಾಷೆಯೆಂದರೆ ಅದೇ ಹೊತ್ತಿಗೆ ಟೊಯೋಟಾ ತದ್ವಿರುದ್ಧ ನಡೆಯಿತು. ಸೆಲಿಕಾ ಜಿಟಿ-ಫೋರ್‌ನಲ್ಲಿ ಮೇಲೆ ಕೂತಿದ್ದ ಗಾಳಿಯ ಇಂಟರ್‌ಕೂಲರ್ ಬಿಟ್ಟು ನೀರಿನದ್ದನ್ನು ಹಾಕಿ 5,000 ಗಾಡಿ ಮಾಡಿತು. ಆಗಿನ ಗ್ರೂಪ್ ಎ ನಿಯಮದಲ್ಲಿ ರ‍್ಯಾಲಿ ಗಾಡಿಯ ಇಂಟರ್‌ಕೂಲರ್ ಮಾರಾಟದ ಗಾಡಿಯಲ್ಲಿದ್ದಂತೆಯೇ ಇರಬೇಕಿತ್ತು. ಬದಲಾಯಿಸಬೇಕೆಂದರೆ ಮೊದಲು ಅಷ್ಟು ಗಾಡಿ ಮಾಡಿ ಮಾರಬೇಕಿತ್ತು. ಮೇಲೆ ಇಂಟರ್‌ಕೂಲರ್ ಇಟ್ಟುಕೊಂಡೇ ಇಂಪ್ರೆಜಾ 1994ರಲ್ಲಿ ಗ್ರೀಸಿನ ಆಕ್ರೊಪೊಲಿಸ್ ರ‍್ಯಾಲಿಯಲ್ಲಿ ಕಾರ್ಲೋಸ್ ಸೈನ್ಜ್ ಕೈಯಲ್ಲಿ ತನ್ನ ಮೊದಲ ವಿಶ್ವ ರ‍್ಯಾಲಿ ಗೆದ್ದಿತು. ಆ ರ‍್ಯಾಲಿಯ ಹೆಸರೇ ಬಿಸಿಲು, ಕಲ್ಲು, ಧೂಳಿಗೆ. ಮರುವರ್ಷ ಕಾಲಿನ್ ಮೆಕ್‌ರೇ ಚಾಂಪಿಯನ್.

ಪೋರ್ಷೆಯದು ಇನ್ನೂ ಚೆಂದದ ಕಥೆ. 911 ಟರ್ಬೊಗೆ 1975ರಲ್ಲಿ ಇಂಟರ್‌ಕೂಲರೇ ಇರಲಿಲ್ಲ. 1978ರಲ್ಲಿ 3.3 ಲೀಟರಿನದು ಬಂದಾಗ ಇಟ್ಟರು. ಎಂಜಿನ್ ಹಿಂದೆ ಇರುವ ಗಾಡಿಯಲ್ಲಿ ಎಲ್ಲಿಡುವುದು? ಹಿಂದಿನ ಸ್ಪಾಯ್ಲರಿನ ಅಡಿಯಲ್ಲಿ. ಅದಕ್ಕಾಗಿ ಸ್ಪಾಯ್ಲರಿನ ಆಕಾರವನ್ನೇ ಬದಲಾಯಿಸಿ ಅಂಚೆತ್ತಿದ ಚಹಾ ತಟ್ಟೆಯ ಹಾಗೆ ಮಾಡಿದರು. ಇಂಟರ್‌ಕೂಲರ್ ಕೂರುವುದು ಎಂಜಿನ್ ಬಿಟ್ಟುಕೊಟ್ಟ ಜಾಗದಲ್ಲಿ. ಅಲ್ಲಿಗೆ ಗಾಳಿ ತಲುಪಿಸುವುದು ಮಾತ್ರ ಎಂಜಿನಿಯರನ ಕೆಲಸ.

ಮುಂದೆ ಹಾಕಿದ್ದರೆ

ಮುಂದೆ ಹಾಕುವುದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಬಂಪರ್ ಹಿಂದಿನ ಗಾಳಿ ಗಾಡಿಗೆ ಸಿಗುವ ಅತ್ಯಂತ ತಣ್ಣನೆಯ ಗಾಳಿ. ಗಾಡಿ ನಿಂತಾಗಲೂ ರೇಡಿಯೇಟರ್ ಫ್ಯಾನು ಆ ಗಾಳಿಯನ್ನು ಇಂಟರ್‌ಕೂಲರಿನ ಮೂಲಕವೇ ಎಳೆಯುತ್ತದೆ. ಮೇಲೆ ಕೂತದ್ದಕ್ಕೆ ಆ ಭಾಗ್ಯವಿಲ್ಲ. ಸಿಗ್ನಲಿನ ತೊಂದರೆಗೆ ಸರಿಯಾದ ಮದ್ದು ಅದೇ ಎಂಬ ಶೆಟ್ರ ಮಾತಿನಲ್ಲಿ ಅರ್ಧ ಸತ್ಯವಿತ್ತು.

ಉಳಿದರ್ಧ ಹೀಗೆ. ಟರ್ಬೊ ಹಿಂದೆ ಇರುವುದರಿಂದ ಪೈಪು ಎಂಜಿನ್ ದಾಟಿ ಮುಂದೆ ಹೋಗಿ ಮತ್ತೆ ವಾಪಸು ಬರಬೇಕು. ಗೇಣಿನ ಕೆಲಸ ಮಾರುಗಟ್ಟಲೆ ಆಗುತ್ತದೆ, ಪ್ರತಿ ಕ್ಲಾಂಪೂ ಒಂದು ಸೋರಿಕೆಯ ಸಾಧ್ಯತೆ. ಪೈಪುಗಳ ದಾರಿಗಾಗಿ ಏರ್ ಫಿಲ್ಟರಿನ ಡಬ್ಬಿ ಜರುಗಿಸಬೇಕು. ಹಾಗೆ ಮಾಡಿದರೆ ಏರ್‌ಫ್ಲೋ ಮೀಟರಿನ ಲೆಕ್ಕ ತಪ್ಪುತ್ತದೆ, ಮತ್ತೆ ಟ್ಯೂನ್ ಮಾಡಿಸಬೇಕು. ಇಂಟರ್‌ಕೂಲರಿನಿಂದ ಹೊರಬಿದ್ದ ಬಿಸಿ ನೇರ ಹೋಗುವುದು ಎಸಿಯ ಕಂಡೆನ್ಸರಿಗೆ, ಅಲ್ಲಿಂದ ರೇಡಿಯೇಟರಿಗೆ. ಬೆಂಗಳೂರಿನಲ್ಲಾದರೆ ನಡೆದೀತು. ಇಲ್ಲಿ ಜುಲೈಯಲ್ಲಿ ಎಸಿ ಸೋತರೆ ಶೆಟ್ರ ಮನೆಯವರು ಗಾಡಿ ಹತ್ತುವುದಿಲ್ಲ. ಬಂಪರ್ ಹಿಂದಿನ ಕಬ್ಬಿಣದ ಪಟ್ಟಿ ಕೊಯ್ಯಬೇಕಾಗಬಹುದು, ಅದು ಡಿಕ್ಕಿಯಾದರೆ ಜೀವ ಕಾಯುವ ವಸ್ತು. ವರ್ಷಕ್ಕೊಮ್ಮೆ ಗಾಡಿಯ ತಪಾಸಣೆಗೆ, ಅಂದರೆ ಪಾಸಿಂಗಿಗೆ, ಹೋದಾಗ ಅಲ್ಲಿಯವರ ಕಣ್ಣಿಗೆ ಮೊದಲು ಬೀಳುವುದೂ ಅದೇ.

ನೀರು ಸಿಂಪಡಿಸುವ ಮಾತೂ ಬಂತು. ಹಿಂದಿನ ತಲೆಮಾರಿನ ಎಸ್‌ಟಿಐಗಳಲ್ಲಿ ಬಟನ್ ಒತ್ತಿದರೆ ಇಂಟರ್‌ಕೂಲರ್ ಮೇಲೆ ನೀರು ಚಿಮ್ಮುವ ಏರ್ಪಾಡು ಇತ್ತು, ಈ ಗಾಡಿಯಲ್ಲಿಲ್ಲ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ 2,400 ಕಿಲೊಜೂಲ್ ಬಿಸಿ ಒಯ್ಯುತ್ತದೆ, ಆ ಏಳು ಕೆಟಲುಗಳ ಬಿಸಿಯನ್ನು ಹೆಚ್ಚುಕಡಿಮೆ ಮೂರು ನಿಮಿಷ ಹೊರಲು ಅಷ್ಟು ಸಾಕು. ಕಾಗದದ ಮೇಲೆ ಅದ್ಭುತ. ನಿಜದಲ್ಲಿ ಅರ್ಧಕ್ಕರ್ಧ ಆವಿಯಾಗದೆ ಕೆಳಗೆ ಸುರಿಯುತ್ತದೆ, ಮತ್ತು ಈ ಗಾಡಿಯಲ್ಲಿ ಕೆಳಗೆ ಶೀಲ್ಡ್ ಇಲ್ಲದ ಟರ್ಬೊ ಕಾದು ಕೂತಿತ್ತು. ಕೆಂಡದ ಮೇಲೆ ತಣ್ಣೀರು ಬೇಡ ಎಂದೆ. ಇಲ್ಲಿಯ ನಳ್ಳಿ ನೀರಿನ ಉಪ್ಪು ಫಿನ್ನುಗಳಲ್ಲಿ ಕೂರುತ್ತದೆ ಎಂಬುದು ಇನ್ನೊಂದು ತಲೆನೋವು.

ಕೊನೆಗೆ ಶೆಟ್ರೇ ಕೇಳಿದರು: "ಹಾಗಾದ್ರೆ ನೀವು ಹೇಳುವುದು ಎಂತ?"

"ಕಂಪನಿ ಕೊಟ್ಟದ್ದನ್ನು ಕಂಪನಿ ಕೊಟ್ಟ ಹಾಗೆ ಮೊದಲು ಇಡುವ. ಆಮೇಲೂ ಸರಿ ಆಗದಿದ್ರೆ ಬಂಪರ್ ನಾನೇ ಕತ್ತರಿಸ್ತೇನೆ."

ಮಾಡಿದ ಕೆಲಸ

ಹಳೆ ಸಾಮಾನಿನ ಅಂಗಡಿಗಳಲ್ಲಿ ಎರಡು ದಿನ ಅಲೆದೆವು. ಅಪಘಾತದಲ್ಲಿ ಹಿಂಭಾಗ ಹೋದ ಅದೇ ಮಾಡೆಲಿನ ಗಾಡಿಯಿಂದ ಕಂಪನಿಯ ಇಂಟರ್‌ಕೂಲರ್, ಡಕ್ಟ್, ಟರ್ಬೊ ಶೀಲ್ಡ್ ಮೂರೂ ಸಿಕ್ಕಿದವು. ಅಡಿಯ ತಟ್ಟೆ ಮಾತ್ರ ಹೊಸದು. ಇಂಟರ್‌ಕೂಲರಿನೊಳಗೆ ತೆಳ್ಳಗೆ ಆಯಿಲ್ ಹಿಡಿದಿತ್ತು. ಟರ್ಬೊ ಗಾಡಿಗಳಲ್ಲಿ ಅಷ್ಟು ಸಾಮಾನ್ಯ, ಆದರೆ ಆ ಪದರ ಲೋಹಕ್ಕೆ ಹೊದಿಕೆಯ ಹಾಗೆ. ಸಾಲ್ವೆಂಟ್ ಹಾಕಿ ಮೂರು ಸಲ ಕುಲುಕಿ ಒಣಗಿಸಿದೆವು. ಬಾಗಿದ ಫಿನ್ನುಗಳನ್ನು ನಮ್ಮ ಹುಡುಗ ಒಂದೊಂದಾಗಿ ನೆಟ್ಟಗೆ ಮಾಡಿದ. ತಾಳ್ಮೆಯ ಕೆಲಸ, ಅವನಿಗೆ ಅರ್ಧ ದಿನ ಹಿಡಿಯಿತು.

ಡಕ್ಟಿನ ಹಳೆ ಫೋಮ್ ಗಟ್ಟಿಯಾಗಿತ್ತು. ಅದನ್ನು ಕೆರೆದು ಬಿಸಿ ತಡೆಯುವ, ಗಾಳಿ ತೂರದ ಮುಚ್ಚುಗಣ್ಣಿನ ರಬ್ಬರ್ ಫೋಮ್ ಅಂಟಿಸಿದೆವು. ಅದು ನಿಜವಾಗಿ ಒತ್ತಿಕೊಳ್ಳುತ್ತದೆಯೇ ಎಂದು ತಿಳಿಯುವುದು ಹೇಗೆ? ಇಂಟರ್‌ಕೂಲರಿನ ಅಂಚಿಗೆ ಸೀಮೆಸುಣ್ಣ ತೀಡಿ ಬಾನೆಟ್ ಮುಚ್ಚಿ ತೆರೆದೆ. ಫೋಮಿನ ಮೇಲೆ ಮೂರು ಕಡೆ ಬಿಳಿ ಗೆರೆ ಬಂತು, ಹಿಂದಿನ ಎಡ ಮೂಲೆಯಲ್ಲಿ ನಾಲ್ಕು ಬೆರಳಗಲ ಬರಲಿಲ್ಲ. ಅಲ್ಲಿ ಇನ್ನೊಂದು ಪದರ. ಮತ್ತೆ ಸುಣ್ಣ, ಮತ್ತೆ ಮುಚ್ಚಿದ್ದು. ನಾಲ್ಕನೆಯ ಸಲಕ್ಕೆ ಗೆರೆ ಪೂರ್ತಿ ಸುತ್ತಿ ಬಂತು. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ಗಳಿಗೆ ಅದೊಂದೇ, ಉಳಿದದ್ದೆಲ್ಲ ಬೋಲ್ಟು ಬಿಗಿಯುವುದು.

ಅಳತೆಗಾಗಿ ಇಂಟರ್‌ಕೂಲರಿನ ಹೊರಬಾಯಿಯ ರಬ್ಬರ್ ಹೋಸಿನಲ್ಲಿ ತೆಳು ಥರ್ಮೊಕಪಲ್, ಅಂದರೆ ಉಷ್ಣತೆ ಅಳೆಯುವ ತಂತಿ, ತೂರಿಸಿದ್ದೆ. ಕೆಲಸಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ, ಶಾರ್ಜಾದಿಂದ ಅಲ್ ಧೈದ್ ಕಡೆಗೆ ಹೋಗುವ ಅದೇ ರಸ್ತೆ, ಅದೇ ಮಧ್ಯಾಹ್ನದ ಹೊತ್ತು, ಹೊರಗೆ 43 ಡಿಗ್ರಿಯ ಆಸುಪಾಸು. ಎರಡೂ ಸಲ ಸೂಪರ್ 98. ಹತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದಾಗ ಮೊದಲು 88 ಡಿಗ್ರಿ ತೋರಿಸಿದ್ದು ಈಗ 68. ಆರು ನಿಮಿಷ ಎಸಿ ಹಾಕಿ ನಿಲ್ಲಿಸಿ ತಕ್ಷಣ ತುಳಿದರೆ ಮೊದಲು 104, ಈಗ 86. ಶೆಟ್ರಿಗೆ ಸೀಟಿನಲ್ಲಿ ಗೊತ್ತಾದದ್ದು ಬೇರೆ ವಿಷಯ: ಹೊರಟ ಮೇಲೆ ಗಾಡಿ ಸರಿಹೋಗಲು ಮೊದಲು ಐದು ಕಿಲೋಮೀಟರ್ ಬೇಕಾಗುತ್ತಿತ್ತು, ಈಗ ಒಂದೂವರೆ ಸಾಕು. ಓಡುವಾಗ ಟೈಮಿಂಗ್ ಹಿಂದೆ ಸರಿಯುವುದು ನಿಂತಿತು. ನಿಂತು ಹೊರಟಾಗ ಸ್ವಲ್ಪ ಉಳಿದಿದೆ.

ಆ 86 ಇದ್ದೇ ಇರುತ್ತದೆ. ಊದುಬತ್ತಿಯನ್ನು ಮತ್ತೆ ಹಿಡಿದೆವು, ನಿಂತ ಗಾಡಿಯ ಸ್ಕೂಪಿನಿಂದ ಹೊಗೆ ಈಗಲೂ ಹೊರಕ್ಕೇ ಬಂತು, ಮೊದಲಿಗಿಂತ ಸೋಮಾರಿಯಾಗಿ. ಊರಿನಲ್ಲೂ ಈ ಮಾದರಿಯ ಗಾಡಿಗಳಿವೆ. ಬಾನೆಟ್ ಮೇಲೆ ಮೂಗಿರುವ ಮೊದಲ ತಲೆಮಾರಿನ ಫಾರ್ಚುನರ್‌ನಲ್ಲಿ ಡೀಸೆಲ್ ಎಂಜಿನ್ನಿನ ಮೇಲೆ ಕೂತಿರುವುದೂ ಇಂಟರ್‌ಕೂಲರೇ. ಶಿರಾಡಿಯಲ್ಲಿ ಲಾರಿಗಳ ಹಿಂದೆ ಅರ್ಧ ಗಂಟೆ ತೆವಳಿ ಮೇಲೆ ಬಂದಾಗ ಅದಕ್ಕೂ ಇದೇ ಬಿಸಿ. ಡೀಸೆಲ್ಲಿಗೆ ಪೆಟ್ರೋಲಿನಂಥ ನಾಕಿಂಗ್ ಕಾಟವಿಲ್ಲ, ಹಾಗಾಗಿ ಡ್ರೈವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಕಳೆದ ಸಲ ಊರಿಗೆ ಹೋದಾಗ ಭಾವನ ಗಾಡಿಯ ಬಾನೆಟ್ ಎತ್ತಿ ನೋಡಿದೆ. ಇಂಟರ್‌ಕೂಲರಿನ ಮೇಲೆ ಗಾಳಿ ಮರದ ಒಣಗಿದ ಎಲೆಗಳು ಚಾಪೆ ಹಾಸಿದ್ದವು.

ಅಕ್ಟೋಬರಿನಲ್ಲಿ ಶೆಟ್ರು ಫೋನ್ ಮಾಡಿ ಗಾಡಿ ಈಗ ಹಾರ್ತದೆ ಎಂದರು. ಅದರಲ್ಲಿ ಅರ್ಧ ಹವಾಮಾನದ್ದು ಎಂದೆ, ಒಪ್ಪಲಿಲ್ಲ. ತೆಗೆದಿಟ್ಟ ಕೆಂಪಕ್ಷರದ ಇಂಟರ್‌ಕೂಲರನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದರಂತೆ, "ರೇಸಿಂಗ್ ಮಾಲು, ಕಡಿಮೆ ಬಳಸಿದ್ದು" ಎಂದು. ಕೊಳ್ಳಲು ಬಂದ ಹುಡುಗನಿಗೆ ನನ್ನ ನಂಬರ್ ಕೊಟ್ಟಿದ್ದರು. ಅವನು ಸಂಜೆಯೇ ಫೋನ್ ಮಾಡಿದ, ಕೇರಳದ ಹುಡುಗ, ಒಳ್ಳೆಯ ಹುರುಪು. ತನ್ನ ಡಬ್ಲ್ಯುಆರ್‌ಎಕ್ಸ್‌ಗೆ ಇದು ಕೂರುತ್ತದಾ, ಎಷ್ಟು ಅಶ್ವಶಕ್ತಿ ಏರುತ್ತದೆ ಎಂದು ಕೇಳಿದ.

ಬಾನೆಟ್ ಎತ್ತಿ ಒಳಗೆ ಡಕ್ಟ್ ಉಂಟಾ ನೋಡು ಎಂದೆ. ಫೋನ್ ಹಿಡಿದುಕೊಂಡೇ ಕೆಳಗೆ ಪಾರ್ಕಿಂಗಿಗೆ ಇಳಿದು ಹೋದ.